ಆ ಕಡೆ ನೌಕರಿ ಸಿಕ್ಕವರು

ಮೊನ್ನೆ ಮದುವೆಯೊಂದಕ್ಕೆ ಹೊರಟವಳು ಸೀರೆಗೆ ಪಿನ್ನು ಬೇಕೆಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದೆ. ಪಿನ್ನು ಸಿಗಲಿಲ್ಲ, ಕಿರುಬೆರಳಿಗಿಂತ ಚಿಕ್ಕದಾದ ಒಂದು ಕೀಲಿಕೈ ಸಿಕ್ಕಿತು. ಯಾವ ಪೆಟ್ಟಿಗೆಯದು, ಯಾವ ಅಲಮಾರಿಯದು ಎಂದು ನಿಂತಲ್ಲೇ ಯೋಚಿಸಿದೆ. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಆಟೋ ಹತ್ತಿ ಅರ್ಧ ದಾರಿ ಹೋದ ಮೇಲೆ ಹೊಳೆಯಿತು, ಅದು ನಮ್ಮ ಟೀವಿಯ ಕೀಲಿ. ಪಿನ್ನಿಲ್ಲದ ಸೆರಗು ಜಾರುತ್ತಿದ್ದರೂ ಒಬ್ಬಳೇ ನಕ್ಕೆ. ಆಟೋದವನು ಕನ್ನಡಿಯಲ್ಲಿ ಎರಡು ಸಲ ನೋಡಿದ.

ಟೀವಿಗೆ ಬೀಗ ಹಾಕುತ್ತಿದ್ದೆವು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ನಿಮಗೆ ನೆನಪಿದ್ದರೆ ನೀವೂ ನನ್ನ ಓರಗೆಯವರೇ, ವಯಸ್ಸು ಮುಚ್ಚಿಟ್ಟು ಪ್ರಯೋಜನವಿಲ್ಲ. ಎಂಬತ್ತರ ದಶಕದ ನಡುವಿನ ಮಾತು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮದೊಂದು ಬಾಡಿಗೆ ಮನೆ. ಪಡಸಾಲೆಯಲ್ಲಿ ನಾಲ್ಕು ಕಾಲಿನ ಟೀವಿ, ಅದಕ್ಕೆ ಎಡಬಲಕ್ಕೆ ಸರಿಯುವ ಮರದ ಪಟ್ಟಿಯ ಬಾಗಿಲು, ಬಾಗಿಲಿಗೆ ಬೀಗ. ನಾನು ಪಿಯುಸಿಗೆ ಬಂದಿದ್ದೆನಾದ್ದರಿಂದ ವಾರದ ಆರು ದಿನ ಬಾಗಿಲು ಮುಚ್ಚಿರುತ್ತಿತ್ತು, ಕೀಲಿ ಅಪ್ಪನ ಜೇಬಿನಲ್ಲಿರುತ್ತಿತ್ತು. ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಬಂದು ಬೀಗ ತೆಗೆಯುತ್ತಿದ್ದರು. ಪೂಜೆಗೂ ಬೀಗಕ್ಕೂ ಸಂಬಂಧವಿರಲಿಲ್ಲ. ಆದರೆ ಅವರು ಆ ಪಟ್ಟಿಗಳನ್ನು ಸರಿಸುವ ವೈಖರಿ ನೋಡಿದರೆ ಒಳಗೂ ಒಂದು ದೇವರ ಕೋಣೆ ಇದೆಯೇನೋ ಅನ್ನಿಸುತ್ತಿತ್ತು.

ಆ ಹೊತ್ತಿಗೆ ಬರುತ್ತಿದ್ದ ಹಿಂದಿ ಧಾರಾವಾಹಿಗೆ ಉದ್ದದೊಂದು ಹೆಸರಿತ್ತು. ನಮ್ಮ ಓಣಿಯಲ್ಲಿ ಯಾರೂ ಆ ಹೆಸರು ಹೇಳುತ್ತಿರಲಿಲ್ಲ, ‘ಬಾಗಲದ ಕಥಿ’ ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಕನ್ನಡಕದ ಒಬ್ಬ ವಿಜ್ಞಾನಿ ತನ್ನ ಪ್ರಯೋಗಶಾಲೆಯಲ್ಲಿ ಒಂದು ಬಾಗಿಲು ಮಾಡಿದ್ದಾನೆ. ಅದನ್ನು ದಾಟಿದರೆ ಇನ್ನೊಂದು ಲೋಕ. ಅಲ್ಲೂ ಇದೇ ಊರು, ಇದೇ ಬೀದಿ, ಇದೇ ಜನ, ಏನೋ ಒಂದು ಮಾತ್ರ ಬೇರೆ. ಮೊದಲ ವಾರ ಸಹಾಯಕಿಯ ಜೊತೆ ದಾಟಿದವನು ದಾರಿ ತಪ್ಪಿಸಿಕೊಂಡಿದ್ದಾನೆ. ವಾರಕ್ಕೊಂದು ಬಾಗಿಲು ತೆರೆಯುತ್ತದೆ, ಮನೆ ಬಂತು ಎಂದುಕೊಂಡು ನುಗ್ಗುತ್ತಾನೆ, ಅದು ಮನೆಯಲ್ಲ. ಕಥೆ ಇಷ್ಟೇ. ಇಷ್ಟನ್ನೇ ಒಂದು ವರ್ಷದ ಮೇಲೆ ಎಳೆದರು, ನಾವೂ ಒಂದು ವಾರ ಬಿಡದೆ ನೋಡಿದೆವು.

ಈಗ ಕೂತು ಯೋಚಿಸಿದರೆ ಆ ಕಥೆಗೆ ಅದರದೇ ಆದ ಮಡಿ ಮೈಲಿಗೆಗಳಿದ್ದವು. ಹೊಸ ಲೋಕಕ್ಕೆ ಕಾಲಿಟ್ಟ ತಕ್ಷಣ ಅದು ಹೊಸದೆಂದು ತಿಳಿಯಬಾರದು. ಸಹಾಯಕಿ ಮೊದಲು ಕುರ್ಚಿಯಲ್ಲಿ ಕುಸಿದು, ಅಂತೂ ಮನೆಗೆ ಬಂದೆವು ಎನ್ನಬೇಕು. ಆಗ ವಿಜ್ಞಾನಿಯ ಕಣ್ಣು ಗೋಡೆಯ ಗಡಿಯಾರದ ಮೇಲೆ ಬೀಳಬೇಕು, ಅದು ಹಿಂದಕ್ಕೆ ಓಡುತ್ತಿರಬೇಕು. ಒಂದು ವಾರ ಕೆಂಪು ದೀಪಕ್ಕೆ ಗಾಡಿಗಳು ಹೋಗುತ್ತಿದ್ದವು, ಹಸಿರಿಗೆ ನಿಲ್ಲುತ್ತಿದ್ದವು. ಒಂದು ವಾರ ಊರಿಗೆ ಊರೇ ಎಡಗೈಯಲ್ಲಿ ಉಣ್ಣುತ್ತಿತ್ತು. ಇನ್ನೊಂದು ವಾರ ಚಹಾ ಅನ್ನುವುದೇ ಇಲ್ಲದ ಲೋಕ. ಅಮ್ಮ ಹೆದರಿದ್ದು ಅದೊಂದಕ್ಕೇ. ಲೋಕ ಎಷ್ಟು ಬದಲಾದರೂ ಪ್ರಯೋಗಶಾಲೆಯ ಮೆಟ್ಟಿಲು ಬದಲಾಗುತ್ತಿರಲಿಲ್ಲ, ಮೆಟ್ಟಿಲ ಪಕ್ಕದ ಕ್ರೋಟನ್ ಕುಂಡವೂ ಬದಲಾಗುತ್ತಿರಲಿಲ್ಲ. ಯಾವ ಲೋಕದವರೂ ಅದಕ್ಕೆ ನೀರು ಹಾಕುತ್ತಿರಲಿಲ್ಲವಾದ್ದರಿಂದ ಅದು ವಾರದಿಂದ ವಾರಕ್ಕೆ ಒಣಗುತ್ತಾ ಬಂತು.

ಆಮೇಲೆ ಜೋಡಿಯವರ ವಿಚಾರ. ಪ್ರತಿ ಲೋಕದಲ್ಲೂ ವಿಜ್ಞಾನಿಯಂತೆಯೇ ಇನ್ನೊಬ್ಬನಿರುತ್ತಾನೆ. ಅವನು ಕೆಟ್ಟವನಾದರೆ ಮೀಸೆ ಇರಬೇಕು, ಬೈತಲೆ ಬಲಕ್ಕಿರಬೇಕು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಬಾರದು, ಮುಟ್ಟಿದರೆ ಎರಡೂ ಲೋಕ ನಾಶ. ಇದು ನಮ್ಮ ಅಜ್ಜಿಗೆ ಬಹಳ ಸಹಜವಾಗಿ ಅರ್ಥವಾಯಿತು, ಮಡಿಯಲ್ಲಿದ್ದಾಗ ಅವಳನ್ನು ಮುಟ್ಟಿದರೂ ಹೆಚ್ಚುಕಡಿಮೆ ಅದೇ ಆಗುತ್ತಿತ್ತು. ತೊಂದರೆಯಾದದ್ದು ಲೈನ್‌ಮನ್ ಈರಣ್ಣನಿಗೆ. ಹುಟ್ಟಿದಾಗಿನಿಂದ ಬಲಬೈತಲೆಯವನು, ಮೀಸೆಯೂ ಇತ್ತು. ಓಣಿಯ ಹೆಂಗಸರು ಕಾಡಿದ್ದು ತಡೆಯಲಾರದೆ ಎರಡು ತಿಂಗಳು ಎಡಕ್ಕೆ ಬಾಚಿಕೊಂಡು ಓಡಾಡಿದ.

ಬಾಗಿಲು ಮುಚ್ಚುವ ಮೊದಲು ಹತ್ತರಿಂದ ಒಂದರವರೆಗೆ ಎಣಿಸುತ್ತಿದ್ದರು. ಅಪ್ಪ ಗಣಿತದ ಮೇಷ್ಟ್ರು. ಒಮ್ಮೆ ಕೈಗಡಿಯಾರ ಹಿಡಿದು ಅಳೆದು, ಆ ಹತ್ತು ಸೆಕೆಂಡು ನಾಲ್ಕು ನಿಮಿಷಕ್ಕೂ ಹೆಚ್ಚಾಯಿತು ಎಂದು ಸಾರಿದರು. ಅಜ್ಜಿಗೆ ಅದೂ ತಪ್ಪೆನಿಸಲಿಲ್ಲ. ಅವಳು ಕುರುಗೋಡಿನಲ್ಲಿದ್ದಾಗ ನನಗೆ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರ ಕತ್ತಿ ಎತ್ತಿ ಇಳಿಸುವುದರೊಳಗೆ ನನ್ನ ಊಟವೇ ಮುಗಿಯುತ್ತಿತ್ತು. ಆ ಕಥೆಗಳಲ್ಲೂ ತೆರೆಯಬಾರದ ಒಂದು ಬಾಗಿಲು ಇದ್ದೇ ಇರುತ್ತಿತ್ತು. ಆರು ಕೋಣೆ ನೋಡು, ಏಳನೆಯದನ್ನು ಮುಟ್ಟಬೇಡ ಎನ್ನುತ್ತಾರೆ, ಅವನು ನೇರವಾಗಿ ಏಳನೆಯದಕ್ಕೇ ಹೋಗುತ್ತಾನೆ. ಯಾಕೆ ತೆರೆದ ಎಂದು ನಾನು ಸಿಟ್ಟಿನಿಂದ ಕೇಳಿದರೆ, ತೆರೆಯದಿದ್ದರೆ ಕಥೆ ಮುಂದೆ ಹೋಗುವುದು ಹೇಗೆ ಎನ್ನುತ್ತಿದ್ದಳು. ಹಾಗಾಗಿ ಈ ವಿಜ್ಞಾನಿಯ ಮೂರ್ಖತನವನ್ನು ಅವಳು ಮೊದಲ ದಿನವೇ ಕ್ಷಮಿಸಿಬಿಟ್ಟಳು.

ಭಾನುವಾರ ನಮ್ಮ ಪಡಸಾಲೆ ತುಂಬುತ್ತಿತ್ತು. ಓಣಿಯಲ್ಲಿ ಇನ್ನೂ ಕೆಲವು ಟೀವಿಗಳಿದ್ದವು, ಆದರೂ ಜನ ನಮ್ಮಲ್ಲಿಗೇ ಬರುತ್ತಿದ್ದರು. ಅಮ್ಮನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಗೆ ಬರುತ್ತಾರೆ ಎಂದು ನಾನು ತಿಳಿದಿದ್ದೆ. ಎಲ್ಲರಿಗಿಂತ ಮುಂದೆ, ಟೀವಿಗೆ ಮೂರು ಮೊಳ ದೂರದಲ್ಲಿ, ಗೋಡೆಗೆ ಒರಗದೆ ನೆಟ್ಟಗೆ ಅಜ್ಜಿ. ಅಪ್ಪನ ತಾಯಿ ಅವಳು, ಕುರುಗೋಡಿನಲ್ಲಿ ಹುಟ್ಟಿ ಕುರುಗೋಡಿಗೇ ಸೊಸೆಯಾಗಿ, ಅಜ್ಜ ತೀರಿಕೊಂಡ ಮೇಲೆ ಬಳ್ಳಾರಿಗೆ ಬಂದಿದ್ದಳು. ಅವಳ ಪಕ್ಕದಲ್ಲಿ ಹಿಂದಿನ ಓಣಿಯ ಹುಸೇನಬಿ. ರವಿಕೆ ಹೊಲಿಯುವವಳು, ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬರುತ್ತಿದ್ದಳು. ಹೊಸ್ತಿಲ ಹತ್ತಿರ, ಹಚ್ಚೊಳ್ಳಿ ಎಂಬ ಊರಿನಿಂದ ಬಂದು ಇಲ್ಲಿ ಕೆಲಸಕ್ಕಿದ್ದ ಈರಣ್ಣ. ಕರೆಂಟು ಹೋದರೆ ದೂರು ಕೊಡಲು ನಾವು ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಕೂತಲ್ಲೇ ಅವನನ್ನು ಬೈಯಬಹುದಿತ್ತು.

ಇವರೆಲ್ಲರ ಮುಂದೆ ಸ್ಟೂಲಿನ ಮೇಲೆ ಕೂತು ಹಿಂದಿಯನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ಅಪ್ಪನದು. ನಮ್ಮ ಕಡೆಯವರಿಗೆ ಕನ್ನಡದ ಜೊತೆಗೆ ತೆಲುಗೂ ಬಾಯಲ್ಲೇ ಇರುತ್ತದೆ, ಹಿಂದಿ ಮಾತ್ರ ಸಿನಿಮಾ ಹಾಡಿನಷ್ಟು. ಅಪ್ಪ ಯಾವುದೋ ಕಾಲದಲ್ಲಿ ಹಿಂದಿಯ ಮೊದಲ ಪರೀಕ್ಷೆಯೊಂದನ್ನು ಪಾಸು ಮಾಡಿದ್ದರು. ಅದರ ಸರ್ಟಿಫಿಕೇಟು ಫ್ರೇಮು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಗಣಿತದ ಪದವಿಯದು ಟ್ರಂಕಿನ ತಳದಲ್ಲಿತ್ತು.

ಮೊದಲ ಭಾನುವಾರವೇ ತೊಡಕಾಯಿತು. ‘ಸಮಾನಾಂತರ ಲೋಕ’ ಎಂದರು ಅಪ್ಪ. ಯಾರಿಗೂ ತಿಳಿಯಲಿಲ್ಲ. ಎದ್ದು ಹೋಗಿ ಸೀಮೆಸುಣ್ಣ ತಂದು ನೆಲದ ಮೇಲೆ ಎರಡು ಗೆರೆ ಎಳೆದರು. ಇವು ಸಮಾನಾಂತರ ರೇಖೆಗಳು, ಎಷ್ಟು ದೂರ ಎಳೆದುಕೊಂಡು ಹೋದರೂ ಒಂದನ್ನೊಂದು ಕೂಡುವುದಿಲ್ಲ, ಆ ಲೋಕ ಈ ಲೋಕವೂ ಹಾಗೆಯೇ ಎಂದು ವಿವರಿಸಿದರು. ಅಜ್ಜಿ ಗೆರೆಗಳನ್ನು ನೋಡಿದಳು, ಟೀವಿ ನೋಡಿದಳು.

“ಕೂಡಂಗಿಲ್ಲ ಅಂದ್ರ ಇವ ಹೆಂಗ ದಾಟಿದ್ನಲೇ?” ಅಂದಳು.

ಇಂಥ ಪ್ರಶ್ನೆಯನ್ನು ಅಪ್ಪನಿಗೆ ಯಾವ ತರಗತಿಯಲ್ಲೂ ಯಾರೂ ಕೇಳಿರಲಿಲ್ಲ. ಪಂಚೆಯ ಅಂಚಿನಿಂದ ಗೆರೆಗಳನ್ನು ಒರೆಸಿ, ‘ಆ ಕಡಿ’ ಎಂದರು. ಇದು ಈ ಕಡಿ, ಅದು ಆ ಕಡಿ. ಬಾಗಿಲು ದಾಟಿದ, ಆ ಕಡಿ ಹೋದ. ಎಲ್ಲರೂ, ಮೊದಲೇ ಹಾಗೆ ಹೇಳಬಾರದೇ ಎಂದು ತಲೆಯಾಡಿಸಿದರು.

ಬಳ್ಳಾರಿಯಲ್ಲಿ ‘ಆ ಕಡಿ’ ಎಂದರೆ ಬರೀ ದಿಕ್ಕಲ್ಲ. ರಾಜ್ಯಗಳನ್ನು ಹಂಚುವಾಗ ನಮ್ಮ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಇಲ್ಲೇ ಉಳಿದವು. ಅಂದಿನಿಂದ ನಮ್ಮ ಮನೆಯ ಹಿರಿಯರ ಬಾಯಲ್ಲಿ ಗೆರೆಯಾಚೆಗಿನದೆಲ್ಲ ಆ ಕಡಿ. ಮಗಳನ್ನು ಆ ಕಡಿ ಕೊಟ್ಟಾರ, ಎತ್ತು ಆ ಕಡಿಯಿಂದ ತಂದಾರ. ಅಲ್ಲೂ ಇದೇ ಎರೆಹೊಲ, ಇದೇ ಬಿಸಿಲು, ಇದೇ ರೊಟ್ಟಿ. ಬಸ್ಸಿನ ಬೋರ್ಡಿನ ಮೇಲಿನ ಅಕ್ಷರ ಮಾತ್ರ ಸ್ವಲ್ಪ ಬೇರೆ. ಹಾಗಾಗಿ ವಿಜ್ಞಾನಿ ಪ್ರತಿ ವಾರ ಹೋಗುತ್ತಿರುವುದು ಆಂಧ್ರಕ್ಕೆ ಎಂದು ಓಣಿ ತೀರ್ಮಾನಿಸಿಬಿಟ್ಟಿತು. ಈರಣ್ಣ ಒಂದು ದಿನ ಅದು ಆದೋನಿಯೋ ಗುಂತಕಲ್ಲೋ ಎಂದು ಕೇಳಿದ. ತಿದ್ದಲು ಹೋದರೆ ಮತ್ತೆ ಸೀಮೆಸುಣ್ಣ ಹಿಡಿಯಬೇಕಾಗುತ್ತದೆ ಎಂದು ಅಪ್ಪ, ಇನ್ನೂ ಆಚೆ, ಕರ್ನೂಲು ದಾಟಿ ಎಂದುಬಿಟ್ಟರು. ಕೆಂಪು ದೀಪಕ್ಕೆ ಗಾಡಿ ಓಡಿದ ವಾರ ಯಾರೂ ಆಶ್ಚರ್ಯಪಡಲಿಲ್ಲ, ಅಷ್ಟು ದೂರ ಹೋದ ಮೇಲೆ ಏನು ಬೇಕಾದರೂ ಇರಬಹುದು ಎಂದುಕೊಂಡರು.

ಅಜ್ಜಿ ಮಾತ್ರ ಆ ಮಾತು ಕೇಳಿದ ಮೇಲೆ ಟೀವಿಗೆ ಇನ್ನೊಂದು ಮೊಳ ಹತ್ತಿರ ಸರಿದಳು. ಅದಕ್ಕೆ ಕಾರಣವಿತ್ತು. ನನಗೊಬ್ಬ ಚಿಕ್ಕಪ್ಪನಿದ್ದ, ಶೇಖರ ಅಂತ. ನಾನು ಹುಟ್ಟುವ ಹಿಂದಿನ ವರ್ಷ ಅವನು ಮನೆ ಬಿಟ್ಟಿದ್ದರಿಂದ ಅವನನ್ನು ನಾನು ನೋಡಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದ. ಊರಿಗೆ ತೆಲುಗು ನಾಟಕದ ಕಂಪನಿಯೊಂದು ಬಂದು ಡೇರೆ ಹಾಕಿತು. ಮೊದಲು ನಾಟಕ ನೋಡಲು ಹೋದ, ಆಮೇಲೆ ಪರದೆ ಎಳೆಯಲು ಹೋದ, ಡೇರೆ ಕಿತ್ತ ದಿನ ಕಂಪನಿಯ ಲಾರಿಯನ್ನೇ ಹತ್ತಿದ. ಆದೋನಿಯಿಂದ ಒಂದು ಕಾರ್ಡು ಬಂತು, ಕ್ಷೇಮವಾಗಿದ್ದೇನೆ, ದೀಪಾವಳಿಗೆ ಬರುತ್ತೇನೆ ಎಂದು. ದೀಪಾವಳಿ ಬಂತು, ಅವನು ಬರಲಿಲ್ಲ. ಅಪ್ಪ ರಜೆ ಹಾಕಿ ಆದೋನಿ, ನಂದ್ಯಾಲ, ಇನ್ನೆಲ್ಲೆಲ್ಲೋ ಸುತ್ತಿ ಹತ್ತನೆಯ ದಿನ ವಾಪಸು ಬಂದರು. ಆ ಕಡಿ ಅದಾನಂತ, ಆರಾಮ ಅದಾನಂತ ಎಂದು ತಾಯಿಗೆ ಹೇಳಿದರು. ಯಾರು ಹೇಳಿದರು ಎಂದು ಅಮ್ಮ ಕೇಳಿದ್ದಕ್ಕೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಅಮ್ಮ ಇದನ್ನು ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ. ಅಪ್ಪ ಅಲ್ಲಿ ಏನು ಕೇಳಿಬಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿಯಂತೂ ಅಂದಿನಿಂದ ಯಾರು ಕೇಳಿದರೂ, ಸಣ್ಣಾವ ಆ ಕಡಿ ಅದಾನ ಎಂದೇ ಹೇಳಿಕೊಂಡು ಬಂದಿದ್ದಳು. ಈಗ ಆ ಕಡೆಯನ್ನೇ ವಾರಕ್ಕೊಮ್ಮೆ ಮನೆಯೊಳಗೆ ತೋರಿಸುತ್ತಿದ್ದರು.

ಇನ್ನು ಆ ಧಾರಾವಾಹಿಯ ಅತಿ ಕಟ್ಟುನಿಟ್ಟಿನ ನಿಯಮ ಹೇಳಬೇಕು, ಹೊಸಬನ ನಿಯಮ. ಪ್ರತಿ ವಾರ ವಿಜ್ಞಾನಿ ಮತ್ತು ಸಹಾಯಕಿಯ ಜೊತೆ ಒಬ್ಬ ಹೊಸಬ ಸೇರಿಕೊಳ್ಳುತ್ತಿದ್ದ. ಹಿಂದಿನ ವಾರ ಅವನನ್ನು ಯಾರೂ ಕಂಡಿಲ್ಲ. ಚೌಕಳಿ ಅಂಗಿ ಹಾಕಿರುತ್ತಾನೆ, ಬಲು ಒಳ್ಳೆಯವನು, ಜೇಬಿನಲ್ಲಿ ಮನೆಯವರ ಫೋಟೋ ಇರುತ್ತದೆ. ಕಥೆಯ ನಡುವೆ ಎಲ್ಲೋ ಕೂತು ಆ ಫೋಟೋ ತೆಗೆದು ಸಹಾಯಕಿಗೆ ತೋರಿಸುತ್ತಾನೆ. ಫೋಟೋ ಹೊರಗೆ ಬಂತೆಂದರೆ ಅವನ ಕಥೆ ಮುಗಿಯಿತು. ಎಣಿಕೆ ಶುರುವಾದಾಗ ಅವನ ಕಾಲು ಎಲ್ಲೋ ಸಿಕ್ಕಿಕೊಳ್ಳುತ್ತದೆ. ಉಳಿದಿಬ್ಬರು ದಾಟುತ್ತಾರೆ, ಬಾಗಿಲು ಮುಚ್ಚುತ್ತದೆ, ಅದರ ಸಂದಿಯಲ್ಲಿ ದೊಡ್ಡದೊಂದು ಬೆಳಕು. ಸಹಾಯಕಿ ಮುಖ ಮುಚ್ಚಿಕೊಳ್ಳುತ್ತಾಳೆ. ವಿಜ್ಞಾನಿ ಕನ್ನಡಕ ತೆಗೆದು ‘ವೋ ಅಬ್ ನಹೀಂ ರಹಾ’ ಎನ್ನುತ್ತಾನೆ. ಮುಂದಿನ ವಾರ ಅವನ ಹೆಸರನ್ನು ಇಬ್ಬರೂ ಎತ್ತುವುದಿಲ್ಲ, ಇನ್ನೊಂದು ಚೌಕಳಿ ಅಂಗಿ ಬಂದಿರುತ್ತದೆ.

ಇದಕ್ಕೆ ಅಪ್ಪನ ಕನ್ನಡ ಹೀಗಿತ್ತು: ಅವ ಈಗ ಇಲ್ಲಿ ಇಲ್ಲ, ಆ ಕಡಿನೇ ಉಳದ. ಯಾಕೆ ಉಳಿದ ಎಂದು ಅಜ್ಜಿ ಕೇಳಿದಳು. ಅಪ್ಪ ಪರದೆಯಿಂದ ಕಣ್ಣು ತೆಗೆಯದೆ, ಅಲ್ಲೇ ನೌಕರಿ ಸಿಕ್ಕಿತಂತೆ ಎಂದರು. ಆ ಬೆಳಕೇನು? ಅದು ಫ್ಯಾಕ್ಟರಿಯ ದೀಪ. ಮತ್ತೆ ಈ ಹುಡುಗಿ ಯಾಕೆ ಅಳುತ್ತಾಳೆ? ಇಷ್ಟು ದಿನ ಜೊತೆಗಿದ್ದವನನ್ನು ಬಿಟ್ಟು ಬರಬೇಕಲ್ಲ, ಅದಕ್ಕೆ. ಹೀಗೆ ಚೌಕಳಿ ಅಂಗಿಯವರು ವಾರಕ್ಕೊಬ್ಬರಂತೆ ನೌಕರಿಗೆ ಸೇರುತ್ತಾ ಹೋದರು. ಒಬ್ಬನಿಗೆ ಅಂಚೆ ಕಚೇರಿ, ಒಬ್ಬನಿಗೆ ಹತ್ತಿ ಮಿಲ್ಲು. ಬಂಡೆಯಡಿ ಸಿಕ್ಕಿದವನಿಗೆ ರೈಲ್ವೆ, ಅದೂ ಪರ್ಮನೆಂಟು. ಇನ್ನೂ ಟೆಂಪರರಿಯಾಗಿದ್ದ ಈರಣ್ಣ ನಿಟ್ಟುಸಿರು ಬಿಟ್ಟು, ಆ ಕಡೆ ನೌಕರಿಗಳು ಭಾಳ ಇವೆ ಎಂದು ಒಪ್ಪಿಕೊಂಡ. ಅಜ್ಜಿಗೆ ಇದರಿಂದ ಬಹಳ ಸಮಾಧಾನವಾಗುತ್ತಿತ್ತು. ಊಟಕ್ಕೇನು ಮಾಡುತ್ತಾನೆ ಎಂದು ಮಾತ್ರ ತಪ್ಪದೆ ಕೇಳುತ್ತಿದ್ದಳು. ಖಾನಾವಳಿ ಐತಿ ಎಂದು ಅಪ್ಪ ತಪ್ಪದೆ ಹೇಳುತ್ತಿದ್ದರು.

ಆ ವರ್ಷ ನಾನು ಕಾಲೇಜಿನಲ್ಲಿ ಹಿಂದಿ ತೆಗೆದುಕೊಂಡಿದ್ದೆ. ಹದಿನಾರರ ಹುಡುಗಿಗೆ ಹೊಸ ವಿದ್ಯೆ ಎಂದರೆ ಹೊಸ ಚಪ್ಪಲಿಯ ಹಾಗೆ, ಸದ್ದು ಮಾಡಿಕೊಂಡು ನಡೆಯದಿದ್ದರೆ ತೃಪ್ತಿಯಿಲ್ಲ. ಪೋಸ್ಟಾಫೀಸಿನ ಗೋಡೆಯ ಹಿಂದಿ ಓದುತ್ತಿದ್ದೆ, ಸೋಪಿನ ಕಾಗದದ ಹಿಂದಿ ಓದುತ್ತಿದ್ದೆ, ಅಮ್ಮನಿಗೆ ಅಡುಗೆಮನೆಯ ಡಬ್ಬಿಗಳ ಹೆಸರನ್ನೆಲ್ಲ ಹಿಂದಿಯಲ್ಲಿ ಹೇಳಿ ತಲೆನೋವು ತರಿಸಿದ್ದೆ. ಒಂದು ಶುಕ್ರವಾರ ತರಗತಿಯಲ್ಲಿ ನುಡಿಗಟ್ಟಿನ ಪಾಠ. ‘ನಹೀಂ ರಹಾ’ ಎಂದರೆ ಇರಲಿಲ್ಲ ಎಂದು ತಿಳಿಯಬೇಡಿ, ತೀರಿಕೊಂಡ ಎಂದು ಅರ್ಥ ಎಂದು ಲೆಕ್ಚರರು ಬೋರ್ಡಿನ ಮೇಲೆ ಬರೆದರು. ನಮ್ಮಲ್ಲಿ ‘ಹೋದ’ ಅನ್ನುವುದಿಲ್ಲವೇ, ಹಾಗೆ. ನನ್ನ ಕಣ್ಣ ಮುಂದೆ ಒಂದು ವರ್ಷದ ಚೌಕಳಿ ಅಂಗಿಗಳು ಸಾಲಾಗಿ ಬಂದು ನಿಂತವು. ಅಷ್ಟೂ ಜನ ಸತ್ತಿದ್ದರು. ಅಪ್ಪನಿಗೆ ಹಿಂದಿ ಬರುವುದಿಲ್ಲ ಎಂದು ಕಂಡುಹಿಡಿದ ಸಂತೋಷದಲ್ಲಿ ನಾನು ಬಸ್ಸಿಗೂ ಕಾಯದೆ ಮನೆಯವರೆಗೆ ನಡೆದುಬಿಟ್ಟೆ. ಬೇರೆ ಕಾರಣವೇನಾದರೂ ಇರಬಹುದು ಎಂಬ ಯೋಚನೆ ಅಷ್ಟು ದೂರದ ದಾರಿಯಲ್ಲಿ ಒಮ್ಮೆಯೂ ಬರಲಿಲ್ಲ.

ಮನೆಗೆ ಬಂದು ಅಪ್ಪನ ಕಿವಿಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಭಾನುವಾರ ಎಲ್ಲರೂ ಸೇರಲಿ ಎಂದು ಎರಡು ದಿನ ಬಾಯಿ ಬಿಗಿಹಿಡಿದಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಆ ಭಾನುವಾರದ ಹೊಸಬ ಎಳೆಯ ಹುಡುಗ. ಅವನು ತೆಗೆದು ತೋರಿಸಿದ ಫೋಟೋದಲ್ಲಿ ಹೆಂಡತಿ ಮಕ್ಕಳಿರಲಿಲ್ಲ, ತಾಯಿ ಇದ್ದಳು. ಇವನ ಮೂಗು ನಮ್ಮ ಶೇಖರನ ಹಾಗೇ ಇದೆ ಎಂದು ಅಜ್ಜಿ ಹುಸೇನಬಿಗೆ ಹೇಳಿದ್ದು ನನಗೂ ಕೇಳಿಸಿತು. ಕೇಳಿಸಿದರೂ ನನ್ನ ತಲೆಯಲ್ಲಿ ನುಡಿಗಟ್ಟೇ ತುಂಬಿತ್ತು. ಹತ್ತರಿಂದ ಎಣಿಸಿದರು, ಬಾಗಿಲು ಮುಚ್ಚಿತು, ಬೆಳಕು ಬಂತು, ಕನ್ನಡಕ ಇಳಿಯಿತು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

“ನೌಕರಿ ಗೀಕರಿ ಏನೂ ಇಲ್ಲಜ್ಜಿ. ಅವ ಸತ್ತ. ಇಷ್ಟು ದಿನ ಬಂದಾರಲ್ಲ, ಎಲ್ಲಾರೂ ಸತ್ತಾರ.”

ಟೀವಿಯಲ್ಲಿ ಸೋಪಿನ ಜಾಹೀರಾತು ಹಾಡಲು ಶುರುಮಾಡಿತು. ಅಪ್ಪ ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ, ತಾಯಿಯನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅಪ್ಪ ಹೆದರಿದ್ದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಏನೋ ಬಹಳ ಕೆಟ್ಟದ್ದನ್ನು ಮಾಡಿದೆ ಎಂದು ಆಗ ಗೊತ್ತಾಯಿತು, ಏನು ಎಂದು ಇನ್ನೂ ಪೂರ್ತಿ ಗೊತ್ತಾಗಿರಲಿಲ್ಲ.

ಅಜ್ಜಿ ಅಪ್ಪನನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಪಕ್ಕಕ್ಕೆ ತಿರುಗಿದಳು.

“ಹುಸೇನಬಿ, ನಿಮ್ಮ ಮನಿ ಮಾತು ಇದಕ್ಕ ಹತ್ರ ಐತಲ್ಲ. ನೀ ಹೇಳು. ಅವ ಏನಂದ?”

ನಮ್ಮ ಓಣಿಯಲ್ಲಿ ಅಷ್ಟು ದಿನ ಯಾರಿಗೂ ಇದು ಹೊಳೆದಿರಲಿಲ್ಲ. ಹುಸೇನಬಿ ಮನೆಯಲ್ಲಿ ಆಡುವುದು ಉರ್ದು. ನಮ್ಮ ಜೊತೆ ನಮಗಿಂತ ಚೆಂದದ ಕನ್ನಡ ಮಾತಾಡುತ್ತಿದ್ದುದರಿಂದ ಅದು ಮರೆತೇ ಹೋಗಿತ್ತು. ವಿಜ್ಞಾನಿ ಆಡಿದ ಒಂದೊಂದು ಮಾತೂ ತಿಳಿಯುವ ಹೆಂಗಸು ಒಂದು ವರ್ಷದಿಂದ ಅಪ್ಪನ ಕನ್ನಡಕ್ಕೆ ಕಿವಿಗೊಟ್ಟು ಕೂತಿದ್ದಳು. ಹುಸೇನಬಿ ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತಿಕೊಂಡಳು.

“ಸಾರು ಹೇಳಾದೇ ಖರೆ ಅಮ್ಮಾ. ಆ ಕಡಿ ಉಳದಾನ ಅಂತ ಅಂದ. ಹುಡುಗಿ ಇನ್ನಾ ಕಲಿಯಾಕತ್ತೈತಿ.”

ಅಜ್ಜಿ ಹೌದೇ ಎಂದಳು. ಎದ್ದು ಒಳಗೆ ಹೋದಳು. ಊಟಕ್ಕೇನು ಮಾಡುತ್ತಾನೆ ಎಂದು ಆ ದಿನ ಕೇಳಲಿಲ್ಲ.

ನನಗೆ ಅವಮಾನವಾಗಿತ್ತು. ಕಿರುಪರೀಕ್ಷೆಯಲ್ಲಿ ಹಿಂದಿಗೆ ತರಗತಿಗೇ ಮೊದಲು ಬಂದವಳು ನಾನು. ಮಧ್ಯಾಹ್ನ ನೇರವಾಗಿ ಹುಸೇನಬಿಯ ಮನೆಗೆ ಹೋದೆ. ಅವಳು ಮಷೀನಿನ ಮುಂದೆ ಕೂತು ತೋಳು ಜೋಡಿಸುತ್ತಿದ್ದಳು. ಅವಳ ಹಿಂದೆ ಮೂಲೆಯಲ್ಲಿ ಹೂವಿನ ಬಟ್ಟೆ ಹೊದಿಸಿದ ಟೀವಿ, ನಮ್ಮದಕ್ಕಿಂತ ದೊಡ್ಡದು. ನಾನು ಜಗಳಕ್ಕೆ ಬಂದದ್ದು ಮರೆತು, ನಿಮ್ಮ ಮನೆಯಲ್ಲೇ ಟೀವಿ ಇದೆಯಲ್ಲ ಎಂದೆ. ಅದಕ್ಕೇನಾಯಿತು ಎಂದಳು. ನಿನಗೆ ಎಲ್ಲ ತಿಳಿಯುತ್ತದೆ, ಮತ್ತೆ ನಮ್ಮ ಮನೆಗೆ ಯಾಕೆ ಬರುತ್ತೀ, ಅಜ್ಜಿಗೆ ಸುಳ್ಳು ಯಾಕೆ ಹೇಳಿದೆ ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ಅವಳು ಹಲ್ಲಿನಿಂದ ದಾರ ಕಡಿದಳು.

“ಇಲ್ಲಿ ನೋಡಿದ್ರ ವಾರಕ್ಕೊಬ್ಬ ಸಾಯ್ತಾನವ್ವ. ನಿಮ್ಮ ಮನ್ಯಾಗ ನೋಡಿದ್ರ ಯಾರೂ ಸಾಯಂಗಿಲ್ಲ. ಅದಕ್ಕ ಬರ್ತೀನಿ.”

ಆಮೇಲೆ ನಿಧಾನವಾಗಿ ಉಳಿದದ್ದನ್ನು ಹೇಳಿದಳು. ಮೊದಲ ಹೊಸಬ ಸತ್ತ ದಿನ, ನೌಕರಿ ಸಿಕ್ಕಿತು ಎಂದು ಹೇಳಿದ ಕೂಡಲೇ ಅಪ್ಪ ಒಮ್ಮೆ ಅವಳ ಮುಖ ನೋಡಿದರಂತೆ. ಅವಳು ತಲೆ ತಗ್ಗಿಸಿದಳಂತೆ. ಆ ವಿಷಯದಲ್ಲಿ ಇಬ್ಬರ ನಡುವೆ ಆದ ಮಾತು ಅಷ್ಟೇ. ನಿಮ್ಮಪ್ಪನಿಗೆ ಹಿಂದಿ ನನ್ನಷ್ಟೇ ಬರುತ್ತದೆ, ನಿಮ್ಮಜ್ಜಿಯ ಸಣ್ಣ ಮಗ ಎಲ್ಲಿದ್ದಾನೆ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ ಎಂದಳು. ನನಗೆ ಅಲ್ಲೇ ಅಳು ಬಂತು. ಅವಳು ಸಮಾಧಾನ ಮಾಡಲು ಬರಲಿಲ್ಲ, ಹೊಲಿಗೆಯ ಚಿಂದಿಯೊಂದನ್ನು ಮೂಗು ಒರೆಸಿಕೋ ಎಂದು ಕೊಟ್ಟಳು.

ಆ ವಾರ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಓಡಾಡಿದೆವು. ಅಜ್ಜಿ ಉಂಡಳು, ಪೂಜೆ ಮಾಡಿದಳು, ಅಮ್ಮನ ಜೊತೆ ಅವರೆಕಾಯಿ ಸುಲಿದಳು. ಗುರುವಾರ ಕುರುಗೋಡಿನಿಂದ ಅವಳ ಹಳೆಯ ನೆರೆಯವಳೊಬ್ಬಳು ಆಸ್ಪತ್ರೆಗೆಂದು ಬಂದವಳು ನಮ್ಮಲ್ಲಿಗೂ ಬಂದಳು. ಮಾತಿನ ನಡುವೆ, ಸಣ್ಣ ಮಗ ಎಲ್ಲಿದ್ದಾನೆ ಎಂದು ಎಲ್ಲರೂ ಕೇಳುವ ಹಾಗೆಯೇ ಕೇಳಿದಳು. ಅಜ್ಜಿ ಗೊತ್ತಿಲ್ಲವ್ವ ಎಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದೆ. ನಾನು ಹುಟ್ಟಿದಾಗಿನಿಂದ ಆ ಪ್ರಶ್ನೆಗೆ ಅವಳು ಕೊಡುತ್ತಿದ್ದ ಉತ್ತರವನ್ನು ನಾನೇ ಅವಳ ಬಾಯಿಂದ ಕಿತ್ತುಕೊಂಡಿದ್ದೆ.

ಭಾನುವಾರ ಅಪ್ಪ ಪೂಜೆ ಮುಗಿಸಿ ಬಂದು ಬೀಗ ತೆಗೆದರು. ಸ್ಟೂಲಿನ ಮೇಲೆ ಕೂರಲಿಲ್ಲ, ಗಂಟಲು ಸರಿಯಿಲ್ಲ ಎಂದು ಹಿಂದೆ ಹೋಗಿ ಈರಣ್ಣನ ಪಕ್ಕ ಕೂತರು. ಅಜ್ಜಿ ಬಂದು ತನ್ನ ಜಾಗದಲ್ಲಿ ಕೂತಳು. ಬರುವುದಿಲ್ಲವೇನೋ ಎಂದು ಹೆದರಿದ್ದೆ, ಬಂದಳು. ಇವತ್ತು ಗಿರಿಜಿ ಹೇಳಲಿ ಎಂದಳು. ಗಿರಿಜಿ ಎಂದರೆ ನಾನು. ಸ್ಟೂಲು ಅಷ್ಟು ಎತ್ತರ ಎಂದು ನನಗೆ ಗೊತ್ತಿರಲಿಲ್ಲ.

ಮುಕ್ಕಾಲು ಭಾಗವನ್ನು ನಾನು ಸರಿಯಾಗಿಯೇ ಹೇಳಿದೆ. ಕರ್ತೃ, ಕರ್ಮ, ಕ್ರಿಯಾಪದ ಒಂದೂ ತಪ್ಪಲಿಲ್ಲ. ಯಾರೂ ನಗಲಿಲ್ಲ, ಯಾರೂ ಏನೂ ಕೇಳಲಿಲ್ಲ, ಈರಣ್ಣ ಆಕಳಿಸಿದ. ಅಪ್ಪನ ಬಾಯಲ್ಲಿ ಅಷ್ಟು ಚುರುಕಾಗಿದ್ದ ಕಥೆ ನನ್ನ ಬಾಯಲ್ಲಿ ಪಠ್ಯಪುಸ್ತಕವಾಗಿತ್ತು. ನಡುವೆ ಚೌಕಳಿ ಅಂಗಿಯವನು ಜೇಬಿಗೆ ಕೈ ಹಾಕಿ ಫೋಟೋ ತೆಗೆದ. ಹುಸೇನಬಿ ಟೀವಿ ಬಿಟ್ಟು ನನ್ನನ್ನು ನೋಡತೊಡಗಿದಳು. ಎಣಿಕೆ ಶುರುವಾಯಿತು. ಆ ಹತ್ತು ಸೆಕೆಂಡು ನಾಲ್ಕು ನಿಮಿಷ ಹಿಡಿಯುವುದು ಒಳ್ಳೆಯದೇ ಎಂದು ನನಗೆ ಅವತ್ತು ಮೊದಲ ಸಲ ಅನ್ನಿಸಿತು. ಬಾಗಿಲು ಮುಚ್ಚಿತು, ಬೆಳಕು ಬಂತು, ವಿಜ್ಞಾನಿ ಕನ್ನಡಕ ತೆಗೆದು ತನ್ನ ಮಾತು ಹೇಳಿದ. ಪಡಸಾಲೆ ಪೂರ್ತಿ ನನ್ನ ಕಡೆ ತಿರುಗಿತು. ಅಪ್ಪ ಮಾತ್ರ ನೆಲ ನೋಡುತ್ತಿದ್ದರು.

“ಏನಂದ?” ಎಂದಳು ಅಜ್ಜಿ.

“ಆ ಕಡಿನೇ ಉಳದ ಅಜ್ಜಿ. ನೌಕರಿ ಸಿಕ್ತಂತ. ಬ್ಯಾಂಕಿನ್ಯಾಗ.”

ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಒಂದು ವಾರ ಕೇಳದೆ ಬಿಟ್ಟಿದ್ದ ಪ್ರಶ್ನೆ ಕೇಳಿದಳು, ಊಟಕ್ಕೇನು ಮಾಡುತ್ತಾನೆ ಎಂದು. ಖಾನಾವಳಿ ಎಂದು ಹೇಳಲು ಬಾಯಿ ತೆರೆದೆ. ಅದು ಯಾಕೋ ಸಾಲದು ಅನ್ನಿಸಿತು.

“ಮನ್ಯಾಗ ಉಣ್ತಾನಜ್ಜಿ. ಲಗ್ನ ಆಗೇತಿ. ಎರಡು ಮಕ್ಕಳು, ಒಂದು ಹೆಣ್ಣು, ಒಂದು ಗಂಡು.”

ಬಾಗಿಲು ಮುಚ್ಚಿ ಒಂದು ನಿಮಿಷವಾಗಿಲ್ಲ, ಅಷ್ಟರಲ್ಲಿ ಎರಡು ಮಕ್ಕಳು ಹೇಗಾದವು ಎಂದು ಈರಣ್ಣ ಹಿಂದಿನಿಂದ ಕೇಳಿದ. ಆ ಕಡೆ ಕಾಲ ಇಲ್ಲಿಗಿಂತ ಜೋರಾಗಿ ಓಡುತ್ತದೆ ಎಂದೆ. ಹೌದು, ಹಂಗೇ ಅಂದ ಅವ ಎಂದು ಹುಸೇನಬಿ ಸಾಕ್ಷಿ ನುಡಿದಳು.

ಅಜ್ಜಿ ನಗತೊಡಗಿದಳು. ಸದ್ದಿಲ್ಲದೆ, ಭುಜ ಕುಲುಕಿಸಿಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಬಹಳ ಹೊತ್ತು ನಕ್ಕಳು. ಆಮೇಲೆ ಕೂತಲ್ಲೇ ಹಿಂದಕ್ಕೆ ತಿರುಗಿ ಅಪ್ಪನನ್ನು ಹುಡುಕಿದಳು.

“ಲೇ, ಒಂದು ವರ್ಷ ಬರೇ ಖಾನಾವಳ್ಯಾಗ ಉಣ್ಣಾಕ ಹಚ್ಚಿದೆಲ್ಲ ಅವನ್ನ. ನಿನ್ನ ತಮ್ಮಗ ಒಂದು ಹೆಣ್ಣು ನೋಡಬೇಕು ಅಂತ ನಿನಗ ತಿಳೀಲಿಲ್ಲೇನು?”

ಅಪ್ಪ ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದು, ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು.